ಗೋಡೆಯಾಚೆಯ ಕಣಿಕೆ ಬಣವೆ

ನನ್ನ ನಾಲ್ಕು ಕೋಳಿಗಳು ತತ್ತಿ ಇಡುತ್ತಿವೆಯೋ ಇಲ್ಲವೋ ಎಂಬುದು ಆ ಥಂಡಿಯಲ್ಲಿ ನನಗೆ ತಿಳಿಯಲೇ ಇಲ್ಲ. ತಿಳಿಯದಿದ್ದರೆ ಸುಮ್ಮನಿರುವ ಹೆಂಗಸು ನಾನಲ್ಲ. ಗಂಡನನ್ನು ಬೈದೆ, ಬೀದಿ ನಾಯಿಯನ್ನು ಬೈದೆ, ನಮ್ಮೂರು ಸದಲಗಾದ ಹೊಳೆಯಿಂದ ಎದ್ದು ಬರುವ ಮಂಜನ್ನೂ ಬಿಡಲಿಲ್ಲ.

ಜೂನಿನಲ್ಲಿ, ಮಿರಗದ ಮಳೆಗೆ ಮೊದಲು ಒಬ್ಬ ಮೋಟರ್‌ಸೈಕಲ್ಲಿನ ಮೇಲೆ ಕೋಳಿಮರಿ ಮಾರಲು ಬಂದಿದ್ದ. "ಥಂಡಿ ಬಿತ್ತಂದ್ರ ಅಂಡಿ ಚಾಲೂ, ವೈನಿ," ಎಂದು ಮರಾಠಿ ಬೆರೆಸಿ ತತ್ತಿಯ ಆಸೆ ಹುಟ್ಟಿಸಿ ಹೋಗಿದ್ದ. ಥಂಡಿ ಬಿತ್ತು. ಕೋಳಿಗಳ ಜುಟ್ಟು ಕೆಂಪಾಯಿತು. ಬೆನ್ನ ಮೇಲೆ ಕೈಯಿಟ್ಟರೆ ಕಾಲು ಮಡಚಿ ಕುಗ್ಗಿ ಕೂರತೊಡಗಿದವು. ಅದು ತತ್ತಿಗೆ ಬಂದ ಗುರುತು, ತವರಿನಲ್ಲಿ ನೋಡಿ ಬಲ್ಲೆ. ಹಳೆಯ ಬುಟ್ಟಿಗೆ ಹುಲ್ಲು ಹಾಸಿಟ್ಟೆ. ದಿನಾ ಹತ್ತರ ಸುಮಾರಿಗೆ ಒಂದಲ್ಲ ಒಂದು ಕೋಳಿ ಅಂಗಳದಲ್ಲಿ ನಿಂತು, ಈಗಷ್ಟೇ ತತ್ತಿ ಇಟ್ಟು ಬಂದಂತೆ ಓಣಿಗೆಲ್ಲ ಕೇಳುವ ಹಾಗೆ ಕೂಗುತ್ತಿತ್ತು. ಓಡಿ ಹೋಗಿ ನೋಡಿದರೆ ಬುಟ್ಟಿ ಖಾಲಿ. ಮುಂಗುಸಿ ಒಯ್ದಿತೇ? ಅದಾದರೆ ಒಡೆದ ಸಿಪ್ಪೆಯಾದರೂ ಇರಬೇಕಲ್ಲ. ತಲೆ ಕೆಟ್ಟು ಹೋಯಿತು.

ಹಿತ್ತಲ ಗೋಡೆ ನನ್ನ ಸೊಂಟದಷ್ಟು ಎತ್ತರ. ಆಚೆ ಜೈನರ ಮನೆ. ಅಲ್ಲಿನ ಮುದುಕಿ ಓಣಿಗೆಲ್ಲ ಆಯಿ. ಅವಳದು ಎರಡು ಎಮ್ಮೆ, ಅವಕ್ಕೆಂದು ಜೋಳದ ಕಣಿಕೆಯ ಒಂದು ಬಣವೆ. ಕೋಳಿಗಳು ಗೋಡೆ ಹಾರಿ ಆಚೆ ಕೆದರಲು ಹೋಗುವುದು ನನಗೂ ಗೊತ್ತಿತ್ತು. ಆದರೆ ಉಳ್ಳಾಗಡ್ಡಿಯನ್ನೂ ತಿನ್ನದ ಮನೆಗೆ ಹೋಗಿ ತತ್ತಿ ಕಂಡಿರಾ ಎಂದು ಕೇಳುವುದು ಹೇಗೆ? ಮದುವೆಯಾಗಿ ಬಂದಾಗಿನಿಂದ ಆಯಿಯ ಎದುರು ಆ ಮಾತನ್ನೇ ಆಡಿದವಳಲ್ಲ. ಅದು ಮರ್ಯಾದೆ ಎಂದುಕೊಂಡಿದ್ದೆ.

ಬುಧವಾರ ಹಿತ್ತಲಲ್ಲಿ ನಿಂತು ಗಂಡ ಅಂದ: "ಆರ ತಿಂಗಳಾತು, ಜ್ವಾಳಾ ತಿಂದ ಮೈ ಬೆಳಸ್ಯಾವು. ರವಿವಾರ ಅಕ್ಕಾರ ಮಂದಿ ಬರಾಕತ್ತಾರ, ನಾಕೂ ಕೊಯ್ಯೂದ."

"ಇನ್ನೊಂದ ವಾರ ತಡೀರಿ."

"ಶನಿವಾರ ಸಂಜಿತನಕಾ ಒಂದರೇ ತತ್ತಿ ತೋರಸು, ಬಿಟ್ಟಬಿಡ್ತೀನಿ."

ಸಿಟ್ಟಿನಲ್ಲಿ ಹೂಂ ಅಂದುಬಿಟ್ಟೆ. ಕೆಂಪು ಕೋಳಿ ಮರಿಯಿದ್ದಾಗ ಮಳೆಗೆ ಸಿಕ್ಕು ಸೆಟೆದು ಬಿದ್ದಿತ್ತು, ಸೆರಗಿನಲ್ಲಿ ಸುತ್ತಿಕೊಂಡು ಬದುಕಿಸಿದ್ದೆ. ಗೋಡೆಯಾಚೆ ಎಮ್ಮೆಗೆ ಮೇವು ಹಾಕುತ್ತಿದ್ದ ಆಯಿಯ ಕೈ ನಿಂತದ್ದನ್ನು ಕಂಡೆ, ಲಕ್ಷ್ಯ ಕೊಡಲಿಲ್ಲ.

ಶನಿವಾರದವರೆಗೆ ಹಿತ್ತಲೆಲ್ಲ ಜಾಲಾಡಿದೆ. ಏನೂ ಇಲ್ಲ. ಸಂಜೆ ಗಂಡ ಚೂರಿ ಮಸೆಯಲು ಕೂತ. ಅಷ್ಟರಲ್ಲಿ ಆಯಿ ಕರೆದಳು.

"ಒಂದೀಟ ಬಾರವಾ. ಕಣಿಕಿ ತಗದ ಕೊಡು."

ಹೋದೆ. ಕಟ್ಟೆಯ ಮೇಲೆ ಅವಳ ಊಟದ ತಾಟು ಮುಚ್ಚಿಟ್ಟಿತ್ತು. ಹೊತ್ತು ಮುಳುಗಿದ ಮೇಲೆ ಉಣ್ಣದವರು ಅವರು.

"ಈ ಬಾಜೂದಲ್ಲ. ಆ ಬಾಜೂದ ತಗಿ," ಎಂದಳು.

ಆಗ ನೋಡಿದೆ. ಬಣವೆ ಒಂದು ಮಗ್ಗುಲಿನಿಂದಷ್ಟೇ ಕರಗಿತ್ತು. ಇನ್ನೊಂದು ಮಗ್ಗುಲನ್ನು ಅವಳು ಮುಟ್ಟಿಯೇ ಇರಲಿಲ್ಲ. ಅಲ್ಲಿ ಒಂದು ಸಿವುಡು ಎಳೆದೆ. ಒಳಗೆ ಗೂಡು, ಗೂಡಿನಲ್ಲಿ ಹತ್ತೊಂಬತ್ತು ತತ್ತಿ.

"ಆಯಿ, ನಿಮಗ ಯಾವಾಗಿಂದ ಗೊತ್ತ?"

"ಹದಿನೈದ ದಿನಾ ಆತು."

"ನಾ ಇಲ್ಲಿ ಹುಚ್ಚಿ ಹಂಗ ತಿರಗಾಕತ್ತೀನಿ. ಒಂದ ಮಾತ ಹೇಳಾಕ ಏನಾಗಿತ್ರಿ?"

"ಹೇಳಿದ್ರ ಇವನ್ನ ತಿಂತೀರಿ. ಆ ಪಾಪದಾಗ ನನ್ನ ನಾಲಿಗಿನೂ ಕೂಡತೈತಿ. ಹೇಳದಿದ್ರ ನಾಳೆ ಕೋಳಿ ಕೊಯ್ತೀರಿ. ಮೂರ ದಿನಾ ಆತು, ಯಾವ ಕಡೆ ಹೊಳ್ಳಿದ್ರೂ ದಾರಿ ಕಾಣವಲ್ದವಾ."

"ಹುಂಜ ಇಲ್ಲರಿ ನಮ್ಮಲ್ಲಿ. ಇವುಗಳಾಗ ಜೀವ ಇರೂದಿಲ್ಲ."

"ಅದು ನಿನಗ ಗೊತ್ತು. ನನಗ ಗೊತ್ತಿಲ್ಲ."

ಜಗಳ ಬಾಯ್ತುದಿಗೆ ಬಂದಿತ್ತು. ಯಾರ ಜೊತೆ ಮಾಡಬೇಕೋ ತಿಳಿಯಲಿಲ್ಲ. ಒಂದೊಂದಾಗಿ ಸೆರಗಿಗೆ ಹಾಕಿಕೊಂಡು ತಲೆ ಎತ್ತುವಷ್ಟರಲ್ಲಿ ಹೊತ್ತು ಮುಳುಗಿತ್ತು. ಆಯಿ ತಾಟಿನಲ್ಲಿದ್ದ ರೊಟ್ಟಿಯನ್ನು ಎಮ್ಮೆಗೆ ಹಾಕಿದಳು. ನಾನು ತಡವಾಗಿಸಿದೆನೋ ಅಥವಾ ಅವಳಿಗೇ ಉಣ್ಣುವುದು ಬೇಡವಾಗಿತ್ತೋ, ಇಂದಿಗೂ ಗೊತ್ತಿಲ್ಲ.

ಗಂಡ ಸೆರಗು ನೋಡಿ ನಕ್ಕು, ಚೂರಿಯನ್ನು ಗೋಡೆಯ ಮಾಡದಲ್ಲಿಟ್ಟ.

ರವಿವಾರ ಮುಂಜಾನೆ ಒಲೆಯ ಮೇಲೆ ತತ್ತಿಯ ಸಾರು ಕುದಿಯುತ್ತಿತ್ತು. ಮಸಾಲೆಯ ವಾಸನೆ ಗೋಡೆ ದಾಟಿ ಹೋಗುತ್ತಿತ್ತು, ಅದನ್ನು ನಾನೇನು ಮಾಡಲಿ? ಆಯಿ ಗೋಡೆಯ ಬಳಿ ಬಂದಾಗ ನನಗೆ ಮುಖವೆತ್ತಲು ನಾಚಿಕೆಯಾಯಿತು. ಅವಳು ಮೂಗು ಮುಚ್ಚಲಿಲ್ಲ, ತತ್ತಿಯ ಮಾತೂ ಎತ್ತಲಿಲ್ಲ.

"ನಾಕೂ ಅದಾವೇನವಾ?"

"ಅದಾವ್ರಿ ಆಯಿ."

ನನ್ನ ಮಾತನ್ನು ನಂಬದವಳಂತೆ ಬೆರಳು ಮಾಡಿ ಒಂದೊಂದನ್ನೇ ಎಣಿಸಿದಳು. ಕೆಂಪು ಕೋಳಿ ಬುಟ್ಟಿಯ ಹಿಂದೆ ಇತ್ತು. ಅದು ಹೊರಗೆ ಬರುವ ತನಕ ನಿಂತು, ಆಮೇಲೆ ಕಟ್ಟೆಗೆ ಹೋಗಿ ಉಣ್ಣಲು ಕೂತಳು.