ಒಸಡಿನೊಳಗಿನ ಗುಟ್ಟು

ಬೆಳಿಗ್ಗೆ ಹಲ್ಲುಜ್ಜಿ ಉಗುಳಿದ ನೊರೆ ಗುಲಾಬಿ ಬಣ್ಣಕ್ಕೆ ತಿರುಗಿ ವರ್ಷವಾಗಿದ್ದರೂ, ರಕ್ತ ಬರುವ ಕಡೆ ಬ್ರಷ್ ಆಡಿಸದಿದ್ದರಾಯಿತು ಎಂಬ ಸುಲಭೋಪಾಯದಲ್ಲಿ ನಾನು ನೆಮ್ಮದಿಯಾಗಿದ್ದೆ, ಮಿತ್ರರೇ. ದೇಹದ ದೂರು ಕೇಳಿಸದವರಂತೆ ನಟಿಸುವುದರಲ್ಲಿ ನಮ್ಮ ಪ್ರತಿಭೆ ಅಪಾರ. ಆದರೆ ನನ್ನ ಹೆಂಡತಿ ಶಾಂತಾ ಬಿಡಲಿಲ್ಲ. ಹುನಗುಂದದಲ್ಲಿ ಬಸ್ಸು ಹತ್ತಿಸಿ, ಬಾಗಲಕೋಟೆಯ ವಿದ್ಯಾಗಿರಿಯಲ್ಲಿದ್ದ ಹಲ್ಲಿನ ದವಾಖಾನೆಗೆ ಕರೆದೊಯ್ದೇಬಿಟ್ಟಳು.

ನಾನು ಬಾಯಿ ತೆರೆದು ಮಲಗಿದ್ದರಿಂದ ಮಾತಿನ ಅಧಿಕಾರವೆಲ್ಲ ಅವಳದಾಯಿತು.

"ಡಾಕ್ಟರ್, ಸ್ವಚ್ಛ ಮಾಡಿಸಿದ್ರ ಹಲ್ಲು ಸಡ್ಲ ಆಗ್ತಾವಂತ, ಖರೇ ಏನ್ರಿ?"

"ಇಲ್ರಿ ಅಕ್ಕಾರ," ಎಂದರು ಯುವ ವೈದ್ಯೆ. "ಕಲ್ಲಿನಂಗ ಗಟ್ಟಿಯಾದ ಹೊಲಸು ತಗದ ಮ್ಯಾಲ ಸಂದಿ ಕಾಣ್ತಾವ, ಅದಕ್ಕ ಹಂಗ ಅನಸ್ತೈತಿ."

"ಹಿಂದ ಸರದ ಒಸಡು ಮತ್ತ ಮೊದಲಿನಂಗ ಆಗ್ತೈತೇನ್ರಿ?"

"ತಾನಾಗೇ ಆಗೂದಿಲ್ರಿ. ಇನ್ನೂ ಸರೀದಂಗ ತಡೀಬಹುದು."

"ಹಲ್ಲು ಅಳ್ಳಾಡಾಕತ್ತಿದ್ರ?"

"ಬೇರಿನ ತನಕ ಸ್ವಚ್ಛ ಮಾಡ್ತೇವ್ರಿ. ಅದಕ್ಕೂ ಕಡಿಮಿ ಆಗಲಿಲ್ಲಂದ್ರ ಒಸಡು ಸ್ವಲ್ಪ ಬಿಡಿಸಿ ಒಳಗ ನೋಡೂದು. ಉಳಿಯಾಂಗಿಲ್ಲ ಅನ್ನೂದನ್ನ ಅಷ್ಟ ಕೀಳೂದು."

"ಕಿತ್ರ ಕಣ್ಣು ಮಂಜಾಗ್ತಾವಂತ?"

"ಸುಳ್ಳರಿ ಅದು."

ನನ್ನ ಒಂದು ಹಲ್ಲೂ ಅಳ್ಳಾಡುತ್ತಿರಲಿಲ್ಲ. ನಾನು ಮಲಗಿದ್ದಲ್ಲೇ ಶಾಂತಾಳತ್ತ ಕಣ್ಣು ಹೊರಳಿಸಿದೆ. ವೈದ್ಯೆಯೂ ಅವಳನ್ನೇ ನೋಡಿದರು.

"ಅಕ್ಕಾರ, ಇವರದು ಮುಗೀತು. ಈಗ ನೀವು ಕೂಡ್ರಿ."

ನನ್ನದು ಒಂದು ಸಲದ ಸ್ವಚ್ಛತೆಯಲ್ಲಿ ಮುಗಿಯುವ ಕಾಯಿಲೆ. ಅವಳ ಎಡಗಡೆಯ ಮೂರು ದವಡೆ ಹಲ್ಲುಗಳ ಬುಡ ಸಡಿಲಾಗಿತ್ತು. ಕಟಕ ರೊಟ್ಟಿಯನ್ನು ನನ್ನ ತಾಟಿಗೆ ಹಾಕಿ, ತಾನು ಮಾತ್ರ ಮೆತ್ತನ್ನ ರೊಟ್ಟಿಯನ್ನು ಪಲ್ಯದಲ್ಲಿ ನೆನೆಸಿ ತಿನ್ನುತ್ತಿದ್ದುದನ್ನು ನಾನು ಪ್ರೀತಿಯೆಂದೇ ತಿಳಿದಿದ್ದೆ. ಪ್ರೀತಿಯೂ ಇದ್ದೀತು, ಹೆಚ್ಚಿನಂಶ ನೋವೇ. ಇಷ್ಟು ವರ್ಷ ಎದುರುಬದುರು ಕುಳಿತು ಉಂಡರೂ ಅವಳ ಬಾಯೊಳಗೇನಿದೆ ಎಂದು ತಿಳಿಯದ ನಾನು ನಾಚಿ ನೆಲ ನೋಡಿದೆ.

"ಯಾಕ ಹೇಳಲಿಲ್ಲ?" ಎಂದೆ.

"ಕಿತ್ತ ಬಿಡ್ತಾರಂತ ಅಂಜಿಕಿರಿ. ನಿಮ್ಮ ಹಲ್ಲಿನ ನೆವದಾಗ ಕೇಳಿದ್ರಾತು ಅಂತ ಬಂದೆ."

ಸಕ್ಕರೆ ಕಾಯಿಲೆಯೂ ಒಸಡನ್ನು ಕೆಡಿಸುವುದರಿಂದ ಅವಳ ರಕ್ತ ಪರೀಕ್ಷೆಯಾಯಿತು, ಪುಣ್ಯಕ್ಕೆ ಅದಿರಲಿಲ್ಲ. ನಾಲ್ಕು ಸಲ ಹೋಗಿ ಬಂದೆವು. ಬೇರಿನವರೆಗೆ ಸ್ವಚ್ಛ ಮಾಡಿಸಿದ ಮೇಲೆ ಎರಡು ಹಲ್ಲು ಬಿಗಿದು ನಿಂತವು. ಮೂರನೆಯದನ್ನು ಕಳೆದ ವಾರ ಕಿತ್ತರು. ನನ್ನ ಕೈ ಹಿಡಿದಿದ್ದಳು. ಅವಳಿಗಿಂತ ನಾನೇ ಹೆಚ್ಚು ಬೆವರಿದ್ದೆ.

ಮರಳುವಾಗ ಬಾಯಲ್ಲಿ ಹತ್ತಿ ಕಚ್ಚಿಕೊಂಡಿದ್ದ ಶಾಂತಾ ಮಾತಾಡುವಂತಿರಲಿಲ್ಲ. ಬಸ್ಸು ಅಮೀನಗಡ ಸಮೀಪಿಸಿತು. ಸಿಕ್ಕ ಅವಕಾಶ ಬಿಡಬಾರದೆಂದು ಕೇಳಿದೆ:

"ಹಿಂಗ ನನ್ನಿಂದ ಇನ್ನೇನರ ಮುಚ್ಚಿಟ್ಟಿಯೇನು?"

ಅವಳು ಕಿಟಕಿಯತ್ತ ತಿರುಗಿ, ತುಸು ಯೋಚಿಸಿ, ಎರಡು ಬೆರಳು ತೋರಿಸಿದಳು.