ಸೀಬೆ ಗಿಡಕ್ಕೆ ಹೊಲಿದ ಅಂಗಿ

ನಮ್ಮ ದೊಡ್ಡಪ್ಪನ ಕಾಲಲ್ಲಿ ಚಕ್ರ ಇದೆ ಎಂದು ಮನೆಯವರೆಲ್ಲ ಹೇಳುತ್ತಿದ್ದರು. ಟೈಲರ್ ಆದವರಿಗೆ ಈ ಮಾತು ಹೇಗೆ ಒಪ್ಪುತ್ತದೆ ಅಂದರೆ, ಅವರು ಮಿಷನ್ನಿನ ಮುಂದೆ ಕೂತದ್ದಕ್ಕಿಂತ ಎದ್ದದ್ದೇ ಹೆಚ್ಚು. ನಾಲ್ಕು ಹೊಲಿಗೆ ಹಾಕುವುದು, ಎದ್ದು ಹಿತ್ತಿಲಿಗೆ ಇಣುಕುವುದು, ಬಂದು ಮತ್ತೆ ತುಳಿಯುವುದು. ಗುಂಡಿ, ಕಾಜಾ ಮಾಡುತ್ತ ಇಪ್ಪತ್ತು ವರ್ಷ ಪಕ್ಕದಲ್ಲೇ ಕೂತು ನೋಡಿದವಳು ನಾನು. ಆದರೂ ಮಕ್ಕಳ ಬಟ್ಟೆಗೆ ಅವರೇ ಆಗಬೇಕು. ಮಗು ಬೆಳೆದಂತೆ ಬಿಚ್ಚಿಕೊಳ್ಳಲಿ ಎಂದು ಎರಡು ಬೆರಳು ಬಟ್ಟೆ ಒಳಗೆ ಮಡಚಿ ಬಿಡುತ್ತಿದ್ದರು.

ಇಣುಕುತ್ತಿದ್ದದ್ದು ಸೀಬೆ ಗಿಡವನ್ನು. ಅರವತ್ತು ದಾಟಿದ ಮೇಲೆ ಅವರು ನೆಟ್ಟ ಮೊದಲ ಗಿಡ ಅದು.

ಹೀಗಿರುವಾಗ ದೊಡ್ಡಪ್ಪನ ಮಗಳು ನಾಯಿ ತಂದಳು. ಅವಳು ನರ್ಸು. ಅವಳು ಡ್ಯೂಟಿಗೆ ಹೋದದ್ದೇ ತಡ, ನಾಯಿಗೂ ಚಡಪಡಿಕೆ ಶುರು. ಸೀಬೆಯ ಬುಡ ಕೆರೆಯಿತು, ಕಾಲೆತ್ತಿತು, ಕೊನೆಗೆ ತೊಗಟೆಗೇ ಬಾಯಿ ಹಾಕಿತು. ದೊಡ್ಡಪ್ಪ ಖಾರದ ಪುಡಿ ಬಳಿದರು. ನಾಯಿ ಎರಡು ಸಲ ಸೀನಿ ಮತ್ತೆ ಕೆಲಸಕ್ಕೆ ಕೂತಿತು.

"ಸುತ್ತ ತೊಗಟೆ ಹೋದ್ರೆ ಗಿಡ ಉಳಿಯಲ್ಲ. ಇದು ಒಣಗಿದ ದಿನ ನಿನ್ನ ನಾಯಿ ಈ ಮನೇಲಿ ಇರಲ್ಲ," ಎಂದರು ಮಗಳಿಗೆ.

"ಆಗ್ಲಿ ಬಿಡಪ್ಪ," ಎಂದಳು. ಮುಖ ಮಾತ್ರ ಸಣ್ಣದಾಯಿತು.

ಅವತ್ತೇ ದೊಡ್ಡಪ್ಪ ಟೇಪು ಹಿಡಿದು ಗಿಡದ ಅಳತೆ ತೆಗೆದರು. ಬ್ಯಾಗು ಹೊಲಿಯುವ ಕ್ಯಾನ್ವಾಸು, ನೈಲಾನ್ ದಾರ. ಕಾಂಡಕ್ಕೆ ಸುತ್ತಿ, ಅಲ್ಲೇ ಕುಕ್ಕರುಗಾಲಲ್ಲಿ ಕೂತು ಎರಡೆರಡು ಹೊಲಿಗೆ ಹಾಕಿದರು. ಒಂದು ಸುಕ್ಕಿಲ್ಲ.

"ಹಲ್ಲಿರ್ಲಿ, ಇರುವೆನೂ ನುಗ್ಗಲ್ಲ," ಎಂದು ಬೀಗಿದರು. ನನಗೂ ಭೇಷ್ ಅನಿಸಿತು, ಸುಳ್ಳೇಕೆ. ನಾಯಿ ಒಂದು ಸಲ ನೆಕ್ಕಿ ನೋಡಿ ಸೋತು ಹೋಯಿತು.

ವರ್ಷ ಕಳೆಯಿತು. ಹೂ ಬಿಡಬೇಕಾದ ಗಿಡ ಎಲೆ ಹಳದಿ ಮಾಡಿಕೊಂಡಿತು. ದೊಡ್ಡಪ್ಪ ಗೊಬ್ಬರ ಹಾಕಿದರು, ದಿನಕ್ಕೆ ಹತ್ತು ಸಲ ಇಣುಕುವವರು ಇಪ್ಪತ್ತು ಸಲ ಇಣುಕಿದರು, ಆ ಗಡಿಬಿಡಿಯಲ್ಲಿ ಯಾರದೋ ಕೋಟಿಗೆ ತೋಳು ಉಲ್ಟಾ ಕೂಡಿಸಿದರು.

"ಉಚ್ಚೆ ಹೊಯ್ದು ಬೇರೇ ಸುಟ್ಟಿದೆ ನಿನ್ನ ನಾಯಿ," ಎಂದು ತೀರ್ಪೂ ಕೊಟ್ಟುಬಿಟ್ಟರು.

ಮಗಳು ಅದನ್ನು ಗೆಳತಿಯ ಮನೆಗೆ ಬಿಟ್ಟುಬರಲು ಭಾನುವಾರ ಬೆಳಿಗ್ಗೆ ಸರಪಳಿ ಹಾಕಿದಳು. ವಾಕಿಂಗಿಗೆ ಎಂದುಕೊಂಡು ನಾಯಿ ಬಾಲ ಆಡಿಸಿತು. ನನಗೆ ನೋಡಲಾಗಲಿಲ್ಲ.

ಇನ್ನು ಕ್ಯಾನ್ವಾಸು ಯಾಕೆ ದಂಡ ಎಂದು ದೊಡ್ಡಪ್ಪ ಕತ್ತರಿ ತಂದರು. ಕತ್ತರಿಯ ತುದಿಯೇ ಒಳಗೆ ತೂರಲಿಲ್ಲ. ಬಟ್ಟೆಯ ಅಂಚಿನ ಮೇಲೆ ಕಾಂಡ ಊದಿಕೊಂಡಿತ್ತು. ಬ್ಲೇಡಿನಿಂದ ಹೊಲಿಗೆ ಕೊಯ್ದರೆ, ದಾರ ತೊಗಟೆಯೊಳಕ್ಕೇ ಇಳಿದಿತ್ತು. ಹಲ್ಲಿನ ಹೊಸ ಗುರುತು ಒಂದೂ ಇರಲಿಲ್ಲ.

ಮಗಳು ಬಗ್ಗಿ ನೋಡಿದಳು. "ಅಪ್ಪ, ಎರಡು ಬೆರಳು ಬಿಟ್ಟಿರ್ಲಿಲ್ವಾ?"

ದೊಡ್ಡಪ್ಪನ ಕಿವಿ ಕೆಂಪಾಯಿತು. ಹೋಗಿ ನಾಯಿಯ ಸರಪಳಿ ಬಿಚ್ಚಿದರು.

ಈಗ ಗಿಡದಿಂದ ಒಂದು ಮೊಳ ದೂರಕ್ಕೆ ಸುತ್ತ ತಂತಿ ಬಲೆ ಇದೆ. ಉಳಿಯುತ್ತದೋ ಇಲ್ಲವೋ ಇನ್ನೂ ಗೊತ್ತಿಲ್ಲ. ದೊಡ್ಡಪ್ಪ ನಾಲ್ಕು ಹೊಲಿಗೆಗೊಮ್ಮೆ ಏಳುತ್ತಾರೆ, ನಾಯಿಯೂ ಹಿಂದೆಯೇ ಏಳುತ್ತದೆ. ಮೊನ್ನೆ ಬಲೆಯ ಮೇಲಿಂದ ಬಗ್ಗಿ ಟೇಪು ಸುತ್ತಿ, ಅಳತೆ ಪುಸ್ತಕದಲ್ಲಿ ಗಿರಾಕಿಗಳ ನಡುವೆ ಸೀಬೆಯ ಸೊಂಟವನ್ನೂ ಬರೆದುಕೊಂಡರು.

"ಮುಂದಿನ ತಿಂಗಳು ಮತ್ತೆ ಅಳೀಬೇಕು ಕಣೋ," ಎಂದರು.

ಬೈಗುಳ ಬಿಟ್ಟರೆ ಆ ನಾಯಿಯ ಹತ್ತಿರ ಅವರಾಡಿದ ಮೊದಲ ಮಾತು ಅದು.