ಮಾವನವರು ಪರದೆಯ ಮೇಲೆ ಹೇಳಿದ್ದು

ದೆವ್ವ, ಶಕುನ ಎಂದವರನ್ನು ಕಂಡರೆ ನಗುತ್ತಿದ್ದವನು ನಾನು. ಬೈಲಹೊಂಗಲದ ಸಾಲೆಯಲ್ಲಿ ವಿಜ್ಞಾನ ಕಲಿಸುವ ಮಾಸ್ತರ ಮತ್ತೇನು ಮಾಡಿಯಾನು? ಈಗಲೂ ನಂಬುವುದಿಲ್ಲ. ನಗುವುದನ್ನು ಮಾತ್ರ ಬಿಟ್ಟಿದ್ದೇನೆ.

ನನ್ನ ಹೆಂಡತಿ ಗಂಗವ್ವನ ತಂದೆ ಮುರಗೋಡದವರು. ಹರೆಯದಲ್ಲಿ ಕೊಲ್ಹಾಪುರಕ್ಕೆ ಹೋಗಿ ಮೂಕಚಿತ್ರಗಳಲ್ಲಿ ಪಾತ್ರ ಮಾಡಿದರು. ಇಪ್ಪತ್ತೈದರ ಪ್ರಾಯಕ್ಕೇ ಬಿಳಿ ಗಡ್ಡ ಅಂಟಿಸಿಕೊಂಡು, ಸಾಯುವ ಮುದುಕನೆಂದರೆ ಅವರೇ. “ಕ್ಯಾಮೆರಾಕ್ಕ ಕಿವಿ ಇರಲಿಲ್ಲರೀ ಮಾಸ್ತರ. ಕನ್ನಡದಾಗ ಬಾಯಿಗೆ ಬಂದದ್ದ ಅಂದು ಸಾಯತಿದ್ದೆ,” ಎನ್ನುತ್ತಿದ್ದರು. ಮರಾಠಿ ಮಾತಾಡುವ ಚಿತ್ರಗಳು ಬಂದವು, ಅವರ ಅನ್ನಕ್ಕೆ ಕಲ್ಲು ಬಿತ್ತು. ಊರಿಗೆ ಮರಳಿ ಕಿರಾಣಿ ಅಂಗಡಿ ಹಾಕಿದರು. ಗಂಗವ್ವ ಹುಟ್ಟಿದ್ದು ಆಮೇಲೆ. ಐದನೇ ವರ್ಷ ಜ್ವರ ಬಂದು ಅವಳ ಕಿವಿ ಹೋದಾಗ, ತುಟಿ ನೋಡಿ ಮಾತು ತಿಳಿಯುವುದನ್ನು ಕಲಿಸಿದವರೂ ಅವರೇ.

ಅವರಿಗೆ ಜಡ್ಡು ಜೋರಾಗಿದೆ ಎಂದು ಒಬ್ಬ ಸೈಕಲ್ ಮೇಲೆ ಬಂದು ಹೇಳಿದ ದಿನ ನಮ್ಮ ಸಾಲೆಗೆ ಇನ್ಸ್‌ಪೆಕ್ಟರು ಬರುವವರಿದ್ದರು. ಇಂದು ಬಸ್ಸೇ ಬಂದಿಲ್ಲವೆಂದು ಗಂಗವ್ವನಿಗೆ ಸುಳ್ಳು ಹೇಳಿದೆ. ಮರುದಿನ ಹೋದಾಗ ಜೀವ ಹೋಗಿತ್ತು. “ಗಂಗೂಗ ಒಂದ ಮಾತು ಹೇಳೂದೈತಿ ಅಂತ ರಾತ್ರೆಲ್ಲಾ ಹಾದಿ ನೋಡಿದ್ರು,” ಎಂದರು ಅತ್ತೆಯವರು. ಅಂದಿನಿಂದ ಗಂಗವ್ವ ಯಾರ ತುಟಿಯನ್ನೂ ನೋಡಲಿಲ್ಲ. ಎಂಟು ತಿಂಗಳು ನಾನು ಮನೆಯಲ್ಲಿ ಮೂಕನಾದೆ.

ಆಗ ಊರಿಗೆ ಟೆಂಟ್ ಸಿನೆಮಾ ಬಂತು. ಅದರ ಮಾಲಕರ ಪೆಟ್ಟಿಗೆಯಲ್ಲಿ ಮಾವನವರ ಒಂದು ಹಳೆಯ ರೀಲು ಇತ್ತು. ಅವರ ಕೈಕಾಲು ಹಿಡಿದು, ರವಿವಾರ ಮಧ್ಯಾಹ್ನ ಸಾಲೆಯ ಕೋಣೆಯಲ್ಲಿ ಕಿಡಕಿಗಳಿಗೆ ಕಂಬಳಿ ಕಟ್ಟಿಸಿ ಓಡಿಸಿದೆ. ಬಿಳಿ ಗಡ್ಡದ ಮಾವನವರು ಹೊರಸಿನ ಮೇಲೆ ಮಲಗಿ ತುಟಿ ಅಲುಗಿಸಿದರು. ಗಂಗವ್ವ ಎದ್ದು ಪರದೆಯ ಹತ್ತಿರ ಹೋದಳು.

“ಗಂಗೂ, ಬಸ್ಸು ಬಂದಿತ್ತು. ಆದ್ರೂ ಮಾಸ್ತರ ಮ್ಯಾಲ ಸಿಟ್ಟಾಗಬ್ಯಾಡ,” ಎಂದು ಓದಿದಳು.

ಬಸ್ಸಿನ ಮಾತು ಸುಳ್ಳೆಂದು ನಾನು ಯಾರ ಮುಂದೆಯೂ ಒಪ್ಪಿಕೊಂಡಿರಲಿಲ್ಲ. ಅವಳಿಗೆ ಮೊದಲೇ ತಿಳಿದಿತ್ತೇ? ತನ್ನ ಕ್ಷಮೆಯನ್ನು ಅಪ್ಪನ ಬಾಯಲ್ಲಿ ಇಟ್ಟಳೇ? ಹಾಗೆಂದುಕೊಂಡು ರೀಲನ್ನು ಮತ್ತೊಮ್ಮೆ ಓಡಿಸಿದೆ. ಅದೇ ಹೊರಸು, ಅದೇ ತುಟಿ. ಅವಳು ಬಹಳ ಹೊತ್ತು ನೋಡಿದಳು.

“ಈಗ ಬರೇ ನೀರು ಕೇಳಾಕ ಹತ್ಯಾರ,” ಎಂದು ಅತ್ತಳು.

ಆಮೇಲೆ, ಎಂಟು ತಿಂಗಳಲ್ಲಿ ಮೊದಲ ಸಲ, ನನ್ನ ತುಟಿಯ ಕಡೆ ತಿರುಗಿ ನಿಂತಳು. ತಪ್ಪಾಯಿತೆಂದು ತುಟಿ ಅಲುಗಿಸಿದೆ, ಧ್ವನಿ ಹೊರಡಲಿಲ್ಲ. ಅವಳಿಗೆ ಧ್ವನಿ ಬೇಕಿರಲಿಲ್ಲ.

“ತಿಳೀತ ಬಿಡ್ರಿ,” ಎಂದಳು.